ನಾಟಕದಲ್ಲಿ ಎಂ.ಎ. ಮಾಡುವುದೆಂದರೆ

ರಂಗಭೂಮಿಯನ್ನೇ ವಿಷಯವಾಗಿ ಓದುವ ಸ್ನಾತಕೋತ್ತರ ಪದವಿಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಒಂದೇ ಹೆಸರಿಲ್ಲ. ಕೆಲವೆಡೆ ಅದು ಎಂ.ಎ.; ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಎಂ.ಪಿ.ಎ., ಅಂದರೆ ಪ್ರದರ್ಶನ ಕಲೆಗಳ ಪದವಿ. ಮುಂಬೈಯಲ್ಲಿ ಮಾಸ್ಟರ್ ಆಫ್ ಥಿಯೇಟರ್ ಆರ್ಟ್ಸ್. ಹೆಸರು ಯಾವುದೇ ಇರಲಿ, ಅವಧಿ ಸಾಮಾನ್ಯವಾಗಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಕನ್ನಡಿಗರಿಗೆ ಹತ್ತಿರದ್ದು ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ. ಅಲ್ಲಿ ಸಂಗೀತ, ನೃತ್ಯಗಳ ಜೊತೆಗೆ ನಾಟಕಕ್ಕೂ ಜಾಗವಿದೆ.

ಇದು ನಟನೆ ಕಲಿಸುವ ಕೋರ್ಸು ಎಂದೇ ಹೆಚ್ಚಿನವರ ತಿಳಿವಳಿಕೆ. ನಟನೆ ಇದೆ, ನಿಜ. ಬೆಳಗಿನ ದೇಹಾಭ್ಯಾಸ, ಧ್ವನಿಯ ಕಸರತ್ತು, ಆಶುನಟನೆ ಯಾವುದೂ ತಪ್ಪುವುದಿಲ್ಲ. ಆದರೆ ತರಗತಿಯಲ್ಲಿ ಕೂತು ಓದುವುದೂ ಅಷ್ಟೇ ಇದೆ. ನಾಟ್ಯಶಾಸ್ತ್ರದ ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಅಭಿನಯಗಳಿಂದ ಹಿಡಿದು ರಂಗಚಿಂತಕರಾದ ಸ್ಟಾನಿಸ್ಲಾವ್‌ಸ್ಕಿ, ಬ್ರೆಕ್ಟ್‌ವರೆಗೆ ಪಠ್ಯ ಹಬ್ಬಿರುತ್ತದೆ. ನಾಟ್ಯಶಾಸ್ತ್ರವನ್ನು ಆದ್ಯ ರಂಗಾಚಾರ್ಯರು ಕನ್ನಡಕ್ಕೆ ತಂದಿರುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಆ ಭಾಗ ಅಷ್ಟು ಕಷ್ಟವಾಗಬೇಕಿಲ್ಲ.

ಈ ಓದು ಎಲ್ಲಿ ಕೆಲಸಕ್ಕೆ ಬರುತ್ತದೆಂದು ತಿಳಿಯಬೇಕಾದರೆ ವಿದ್ಯಾರ್ಥಿಯೇ ನಿರ್ದೇಶಿಸುವ ನಾಟಕದ ಪ್ರಾಂಪ್ಟ್ ಬುಕ್ ತೆರೆದು ನೋಡಬೇಕು. ಒಂದು ಪುಟದಲ್ಲಿ ನಾಟಕದ ಮಾತು. ಎದುರು ಪುಟದಲ್ಲಿ ರಂಗದ ಪುಟ್ಟ ನಕ್ಷೆ, ಅದರ ಮೇಲೆ ಬಾಣದ ಗುರುತುಗಳು: ಯಾವ ಮಾತಿಗೆ ನಟಿ ಎದ್ದಳು, ಎಷ್ಟು ಹೆಜ್ಜೆ ಇಟ್ಟಳು, ಎಲ್ಲಿ ನಿಂತಳು. ಅಂಚಿನಲ್ಲಿ ಬೆಳಕಿನ ಕ್ಯೂ, ಸಂಗೀತದ ಕ್ಯೂ. ಎಲ್ಲವೂ ಪೆನ್ಸಿಲ್ಲಿನಲ್ಲಿ, ಏಕೆಂದರೆ ತಾಲೀಮು ಮುಗಿಯುವಷ್ಟರಲ್ಲಿ ಅರ್ಧ ಅಳಿಸಿ ಬರೆದದ್ದಾಗಿರುತ್ತದೆ. ಬಾಣ ಎಡಕ್ಕೇ ಏಕೆ ತಿರುಗಿತು ಎಂದು ಮೇಷ್ಟ್ರು ಕೇಳಿದಾಗ 'ಚೆಂದ ಕಂಡಿತು' ಎಂದರೆ ಸಾಲದು; ಓದಿದ್ದರ ಆಧಾರದಲ್ಲಿ ಕಾರಣ ಹೇಳಬೇಕು.

ಇಂಥ ಪ್ರಶ್ನೆಗೆ ದೊಡ್ಡ ಮಟ್ಟದ ಉದಾಹರಣೆ ಬಿ.ವಿ. ಕಾರಂತರ 'ಬರ್ನಮ್ ವನ'. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ, ಯಕ್ಷಗಾನದ ನಡೆಯಲ್ಲಿ ಅವರು ಆಡಿಸಿದ್ದು 1979ರಲ್ಲಿ. ಆಗ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರು. ಆ ನಾಟಕಕ್ಕೆ ಯಕ್ಷಗಾನದ ನಡೆಯೇ ಏಕೆ ಎಂಬುದೇ ಇಲ್ಲಿನ ಪ್ರಶ್ನೆ.

1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆ, ಎಲ್ಲರ ಬಾಯಲ್ಲಿ ಎನ್‌ಎಸ್‌ಡಿ, ಕೊಡುವುದು ಮೂರು ವರ್ಷದ ಡಿಪ್ಲೊಮಾ. ಸೇರಲು ಪದವಿಯ ಜೊತೆಗೆ ರಂಗದ ಅನುಭವವೂ ಬೇಕು. ಕಾಲೇಜಿನಲ್ಲಿ ಪಾಠ ಹೇಳಲು ಆ ಡಿಪ್ಲೊಮಾವನ್ನು ಎಂ.ಎ.ಗೆ ಸಮಾನವೆಂದು ಮಾನ್ಯ ಮಾಡಲಾಗಿದೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಯಿತು. ಅದರದು ಒಂದು ವರ್ಷದ ಡಿಪ್ಲೊಮಾ. ಕನ್ನಡ ರಂಗಭೂಮಿಯಲ್ಲಿ ಅದಕ್ಕಿರುವ ತೂಕ ದೊಡ್ಡದು, ಆದರೆ ಸ್ನಾತಕೋತ್ತರ ಪದವಿಯ ಲೆಕ್ಕಕ್ಕೆ ಅದು ಬರುವುದಿಲ್ಲ. ವಿದೇಶಕ್ಕೆ ಹೋಗಿ ಓದಿದವರೂ ಇದ್ದಾರೆ. ನೀನಾಸಂನ ಅಕ್ಷರ ಕೆ.ವಿ. ಎನ್‌ಎಸ್‌ಡಿ ಮುಗಿಸಿ, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ರಂಗಭೂಮಿಯಲ್ಲಿ ಎಂ.ಎ. ಮಾಡಿದವರು.

ಎಂ.ಎ. ಮುಗಿಸಿದವರು ಯುಜಿಸಿಯ ನೆಟ್ ಪರೀಕ್ಷೆ ಬರೆಯಬಹುದು. ಪ್ರದರ್ಶನ ಕಲೆಯ ಅಡಿಯಲ್ಲಿ ನಾಟಕವೂ ಅದರಲ್ಲೊಂದು ವಿಷಯ. ಅಲ್ಲಿಂದ ಪಿಎಚ್.ಡಿ., ಅಧ್ಯಾಪನದ ದಾರಿ ತೆರೆಯುತ್ತದೆ. ಶಾಲೆಗಳಲ್ಲಿ ನಾಟಕ ಕಲಿಸುವವರು, ರೆಪರ್ಟರಿಗಳಲ್ಲಿ ಬೆಳಕು, ವಸ್ತ್ರವಿನ್ಯಾಸ ನೋಡಿಕೊಳ್ಳುವವರೂ ಉಂಟು. ನಟನಾಗಿ ಬದುಕು ಕಟ್ಟಿಕೊಳ್ಳುವುದಷ್ಟೇ ಗುರಿಯಾಗಿದ್ದರೆ ಈ ಪದವಿ ಕಡ್ಡಾಯವೇನಲ್ಲ. ಟಿಕೆಟ್ ಕೊಂಡು ಬಂದ ಪ್ರೇಕ್ಷಕ ಅಂಕಪಟ್ಟಿ ಕೇಳುವುದಿಲ್ಲ. ಪಾಠ ಹೇಳುವ, ಸಂಶೋಧನೆ ಮಾಡುವ ಆಸೆ ಇದ್ದರೆ ಮಾತ್ರ ಕಾಗದ ಬೇಕೇ ಬೇಕು. ಅರ್ಜಿ ತುಂಬುವ ಮೊದಲು ಸೇರಬೇಕೆಂದಿರುವ ವಿಭಾಗದ ವಿದ್ಯಾರ್ಥಿಗಳು ಆಡುವ ಒಂದು ನಾಟಕವನ್ನಾದರೂ ಹೋಗಿ ನೋಡಿ ಬನ್ನಿ.