ನೆಂಟರ ಪೆನ್‌ಡ್ರೈವ್, ತಾತನ ಟಿವಿ

ಕೊಳ್ಳೇಗಾಲದ ನಮ್ಮ ಮನೆ ಟಿವಿ ಹಿಂದೆ ಒಂದು ಹಳೇ ಕಂಪ್ಯೂಟರ್ ಇದೆ. ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಕೋಡಿ ಓಡಿಸಿದ್ದೀನಿ. ಕೀಬೋರ್ಡ್ ಇಲ್ಲ, ರಿಮೋಟ್ ಅಷ್ಟೇ. ಹನೂರಿನಿಂದ ಮಾವ, ಯಳಂದೂರಿನಿಂದ ಚಿಕ್ಕಪ್ಪ ಬಂದರೆ ಜೇಬಲ್ಲಿ ಪೆನ್‌ಡ್ರೈವ್ ಇದ್ದೇ ಇರುತ್ತೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ಹಾಡಿದ ಸಿದ್ಧಪ್ಪಾಜಿ ಕಥೆ, ಮಾದಪ್ಪನ ಬೆಟ್ಟದಲ್ಲಿ ಫೋನಿಗೆ ಹಿಡಿದ ಕಂಸಾಳೆ ಪದ, ಹೀಗೆ. ತಾತನಿಗೆ ಅದನ್ನ ಕೇಳೋ ಆಸೆ. ಆದ್ರೆ ಡ್ರೈವ್ ಚುಚ್ಚಿದ್ರೆ ಟಿವಿಯಲ್ಲಿ ಏನೂ ಬರ್ತಿರಲಿಲ್ಲ. ನಾನೋ ಹಾಸ್ಟೆಲ್‌ನಲ್ಲಿ.

ಯಾಕೆ ಹೀಗೆ? ಡ್ರೈವ್ ಚುಚ್ಚಿದ ಕೂಡಲೇ ಕರ್ನಲ್ ಅದನ್ನ ಗುರುತಿಸಿ 'ಎಸ್‌ಡಿಬಿ1' ಥರದ ಹೆಸರು ಕೊಡುತ್ತೆ. ಅಲ್ಲಿಗೆ ಅದರ ಕೆಲಸ ಮುಗೀತು. ಒಳಗಿರೋ ಫೈಲುಗಳನ್ನ ಒಂದು ಫೋಲ್ಡರ್‌ಗೆ ಜೋಡಿಸಬೇಕಲ್ಲ, ಅದೇ ಮೌಂಟ್. ಅದನ್ನ ಬೇರೆ ಯಾರಾದ್ರೂ ಕೇಳಬೇಕು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್ ಕೇಳುತ್ತೆ. ಟಿವಿ ಹಿಂದಿನ ಪೆಟ್ಟಿಗೆಯಲ್ಲಿ ಡೆಸ್ಕ್‌ಟಾಪೇ ಇಲ್ಲ. ಹಾಗಾಗಿ ಆ ಏರ್ಪಾಡು ನಾವೇ ಮಾಡಬೇಕು. ಅದಕ್ಕೆ ಮೊದಲು ಡ್ರೈವ್‌ಗಳನ್ನ ಎರಡು ಗುಂಪು ಮಾಡಿಕೊಳ್ಳಿ: ಮನೆಯವರು, ನೆಂಟರು.

ಯಾವಾಗಲೂ ಚುಚ್ಚಿಯೇ ಇರೋ ಹಾರ್ಡ್ ಡಿಸ್ಕ್ ಮನೆಯವರ ಪೈಕಿ. ಅದರ ಹೆಸರು ರೇಷನ್ ಕಾರ್ಡ್‌ನಲ್ಲಿ, ಅಂದ್ರೆ 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಇರಬೇಕು. 'ಎಸ್‌ಡಿಬಿ1' ಅಂತ ಬರೀಬೇಡಿ, ಚುಚ್ಚಿದ ಸರದಿ ಬದಲಾದ್ರೆ ಆ ಹೆಸರೂ ಬದಲಾಗುತ್ತೆ. 'ಬಿಎಲ್‌ಕೆಐಡಿ' ಕಮಾಂಡ್ ತೋರಿಸೋ ಯುಯುಐಡಿ ಬರೀರಿ. ಜೊತೆಗೆ 'ನೋಫೇಲ್' ಅನ್ನೋ ಪದ ಮರೀಬೇಡಿ. ನಾನು ಮರೆತಿದ್ದೆ. ಒಂದಿನ ಡಿಸ್ಕಿನ ಕೇಬಲ್ ಸಡಿಲ ಆಗಿತ್ತು. ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಆ ಡಿಸ್ಕಿಗಾಗಿ 90 ಸೆಕೆಂಡ್ ಕಾದು, ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಂತುಬಿಡ್ತು. ಕೀಬೋರ್ಡ್ ಇಲ್ಲದ ಮನೆಯಲ್ಲಿ ತಾತ ಏನು ಮಾಡ್ತಾರೆ? ಮುಂದಿನ ಶನಿವಾರ ನಾನು ಊರಿಗೆ ಹೋಗೋವರೆಗೂ ಟಿವಿ ಕಪ್ಪಗೇ ಇತ್ತು. 'ನೋಫೇಲ್' ಇದ್ದಿದ್ರೆ ಡಿಸ್ಕ್ ಸಿಗದಿದ್ರೂ ಉಳಿದದ್ದೆಲ್ಲ ಎಂದಿನಂತೆ ಶುರುವಾಗ್ತಿತ್ತು.

ಇನ್ನು ನೆಂಟರು. ಯಾವಾಗ ಬರ್ತಾರೆ, ಯಾವ ಡ್ರೈವ್ ತರ್ತಾರೆ, ಮೊದಲೇ ಗೊತ್ತಿರಲ್ಲ. ಹೊಸ ಸಾಧನ ಬಂದಾಗ ಸುದ್ದಿ ಮುಟ್ಟಿಸೋದು 'ಯುಡೆವ್'. ಅದರ ನಿಯಮದೊಳಗೇ ನೇರವಾಗಿ 'ಮೌಂಟ್' ಕಮಾಂಡ್ ಬರೆಯೋದು ಎಲ್ಲರೂ ಮಾಡೋ ಮೊದಲ ತಪ್ಪು. ಈಗಿನ ಲಿನಕ್ಸ್‌ಗಳಲ್ಲಿ ಯುಡೆವ್ ತನ್ನದೇ ಪ್ರತ್ಯೇಕ ಕೋಣೆಯಲ್ಲಿ ಕೆಲಸ ಮಾಡುತ್ತೆ. ಅಲ್ಲಿ ಮೌಂಟ್ ಆದದ್ದು ಕೋಡಿಗೆ ಕಾಣಲ್ಲ. ಬದಲಿಗೆ ಆ ನಿಯಮದಿಂದ 'ಸಿಸ್ಟಂಡಿ-ಮೌಂಟ್' ಅನ್ನು ಕರೀರಿ. ನಾಲ್ಕು ಆಯ್ಕೆ ಕೊಡಿ: 'ನೋ-ಬ್ಲಾಕ್', ಯುಡೆವ್ ಕಾಯದಿರಲಿ ಅಂತ, 'ಕಲೆಕ್ಟ್', ಕೆಟ್ಟ ಡ್ರೈವ್ ಬಂದು ಹೋದ ಮೇಲೆ ಅದರ ಕುರುಹು ಉಳಿಯದಿರಲಿ ಅಂತ, 'ಆಟೋಮೌಂಟ್', ಫೈಲ್ ಕೇಳಿದಾಗ ಮಾತ್ರ ಮೌಂಟ್ ಆಗಲಿ, ಸುಮ್ಮನಿದ್ದಾಗ ತಾನೇ ಬಿಡಲಿ ಅಂತ, ಕೊನೆಯದು 'ಆರ್‌ಒ', ಅಂದ್ರೆ ಓದೋಕೆ ಮಾತ್ರ.

ಈ ಕೊನೆಯದೇ ಮುಖ್ಯ. ಬಸ್ಸಿಗೆ ಹೊತ್ತಾಯ್ತು ಅಂದ್ರೆ ಮಾವ 'ಇಜೆಕ್ಟ್' ಒತ್ತುತ್ತಾ ಕೂರಲ್ಲ, ಕಿತ್ತುಕೊಂಡು ಹೊರಡ್ತಾರೆ. ಅರ್ಧ ಬರೆಯುವಾಗ ಕಿತ್ತರೆ ಫೈಲ್ ಹಾಳು. ನಾವು ಏನನ್ನೂ ಬರೆಯದಿದ್ರೆ ಆ ಭಯವಿಲ್ಲ. ಸಿನಿಮಾ ಹೋದ್ರೆ ಮತ್ತೆ ಸಿಗುತ್ತೆ. ಆ ರಾತ್ರಿಯ ಹಾಡಿಗೆ ಎರಡನೇ ಪ್ರತಿ ಎಲ್ಲಿದೆ?

ಪ್ರತಿ ಮಾಡಿಕೊಳ್ಳುವಾಗ ಕನ್ನಡಿಗರಿಗೇ ಒಂದು ತೊಡಕಿದೆ. ಪೆನ್‌ಡ್ರೈವ್‌ನ ಫ್ಯಾಟ್ ಪದ್ಧತಿಯಲ್ಲಿ ಫೈಲಿನ ಹೆಸರಿಗೆ 255 ಅಕ್ಷರದವರೆಗೆ ಜಾಗ. ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ 255 ಬೈಟ್ ಅಷ್ಟೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಗುಣಿತದ ಗುರುತು, ಒತ್ತಿನ ಗುರುತು ಒಂದೊಂದಕ್ಕೂ 3 ಬೈಟ್ ಬೇಕು. 'ಸಿದ್ಧಪ್ಪಾಜಿ' ಅನ್ನೋ ಒಂದೇ ಪದಕ್ಕೆ 33 ಬೈಟ್! ಜಾತ್ರೆ, ಊರು, ಹಾಡಿದವರು ಎಲ್ಲವನ್ನೂ ಹೆಸರಲ್ಲೇ ತುಂಬಿದ ಫೈಲ್ ಡಿಸ್ಕಿಗೆ ಕಾಪಿ ಆಗದೆ ಉಳಿದ್ರೆ, ಡಿಸ್ಕ್ ಕೆಟ್ಟಿದೆ ಅಂದ್ಕೋಬೇಡಿ. ಹೆಸರು ಚಿಕ್ಕದು ಮಾಡಿ. ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಕಂಡ್ರೆ, ಫ್ಯಾಟ್ ಡ್ರೈವ್‌ಗಳ ಮೌಂಟ್ ಆಯ್ಕೆಗೆ 'ಯುಟಿಎಫ್8' ಸೇರಿಸಿ.

ಈಗ ಮಾವ ಬಂದು ಚುಚ್ಚಿದ್ರೆ ತಾತ ರಿಮೋಟ್ ಒತ್ತುತ್ತಾರೆ, ಕಥೆ ಶುರುವಾಗುತ್ತೆ. ನಾನು ಊರಿಗೆ ಹೋದಾಗ ಮಾಡೋ ಮೊದಲ ಕೆಲಸ, ಹೊಸ ಹಾಡುಗಳನ್ನ ಡಿಸ್ಕಿಗೆ ಹಾಕ್ಕೊಳ್ಳೋದು. ನಿಮ್ಮ ನೆಂಟರ ಜೇಬಲ್ಲೂ ಏನಿದೆ ಅಂತ ಒಮ್ಮೆ ಕೇಳಿ ನೋಡಿ.