ಗಾಳಕ್ಕೊಂದು ನೊಣ ಕಟ್ಟುವ ಮುನ್ನ

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಬ್ರೋರಾ ಎಂಬ ಊರಿದೆ. ಅದರ ಬಳಿಯ ಕಡಲಂಚಿನ ಪುಟ್ಟ ಶೆಡ್ಡಿನಲ್ಲಿ, ಕಿಟಕಿಯ ಬೆಳಕನ್ನೇ ನಂಬಿ, ಮೇಗನ್ ಬಾಯ್ಡ್ (1915-2001) ಎಂಬ ಮಹಿಳೆ ದಶಕಗಳ ಕಾಲ ಒಂದೇ ಕೆಲಸ ಮಾಡಿದರು. ಗಾಳದ ಕೊಕ್ಕೆಗೆ ಗರಿ, ದಾರ, ಜರಿ ಸುತ್ತಿ ‘ನೊಣ’ ಕಟ್ಟುವುದು! ಅಂದು ರಾಜಕುಮಾರರಾಗಿದ್ದ, ಈಗಿನ ಬ್ರಿಟನ್ ದೊರೆ ಚಾರ್ಲ್ಸ್ ಕೂಡ ಅವರ ಗಿರಾಕಿ. 1971ರಲ್ಲಿ ಪದಕ ಸ್ವೀಕರಿಸಲು ಅರಮನೆಯಿಂದ ಕರೆ ಬಂದಾಗ, ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ಆಕೆ ಹೋಗಲೇ ಇಲ್ಲ. ಇನ್ನೂ ಸ್ವಾರಸ್ಯವೆಂದರೆ, ಆಕೆ ಸ್ವತಃ ಮೀನು ಹಿಡಿಯುತ್ತಿರಲಿಲ್ಲ.

ಟ್ರೌಟ್ ಮೀನು ಹೊಳೆಯ ಹುಳಹುಪ್ಪಟೆ ತಿನ್ನುತ್ತದೆ. ಆ ಹುಳುವಿನ ಆಕಾರ, ಬಣ್ಣಗಳನ್ನು ಗರಿ ದಾರಗಳಲ್ಲಿ ಅನುಕರಿಸಿ ಮೀನನ್ನು ಮರುಳು ಮಾಡುವುದೇ ಈ ವಿದ್ಯೆಯ ಗುಟ್ಟು. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳವಿದ್ಯೆಯ ಪುಸ್ತಕವೊಂದರಲ್ಲೇ ಇಂಥ 12 ನೊಣಗಳ ವಿವರವಿದೆ. ನಮ್ಮಲ್ಲೂ ಕಾಶ್ಮೀರ, ಹಿಮಾಚಲದ ಟ್ರೌಟ್ ಹೊಳೆಗಳಲ್ಲಿ ಈ ಹವ್ಯಾಸವುಂಟು. ಮೀನಿನ ಗೊಡವೆಯಿಲ್ಲದೆ, ಬರೀ ಕೈಕೆಲಸದ ಖುಷಿಗಾಗಿ ಕಟ್ಟುವವರೂ ಇದ್ದಾರೆ.

ಮಗ ಅಥವಾ ಮಗಳು ಇದರಲ್ಲಿ ಆಸಕ್ತಿ ತೋರಿದರೆ ಪಾಲಕರ ಮೊದಲ ಪ್ರಶ್ನೆ: ಏನೇನು ಕೊಡಿಸಬೇಕು? ಇಪ್ಪತ್ತು ಸಲಕರಣೆಗಳ ಪೆಟ್ಟಿಗೆ ಕಣ್ಣಿಗೆ ಚೆಂದ. ಆದರೆ ನಿಜಕ್ಕೂ ಒಳ್ಳೆಯದಿರಬೇಕಾದದ್ದು ಮೂರೇ.

ಮೂರು ಮುಖ್ಯ ಸಲಕರಣೆ

ಮೊದಲನೆಯದು ವೈಸ್, ಅಂದರೆ ಕೊಕ್ಕೆಯನ್ನು ಕಚ್ಚಿ ಹಿಡಿಯುವ ಇಕ್ಕಳ. ಇದರ ದವಡೆಗೆ ಕೊಕ್ಕೆಯ ಬಾಗನ್ನು ಸಿಕ್ಕಿಸಿ, ಕಣ್ಣಿನ ಬಳಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಕೊಕ್ಕೆ ಬಳುಕಿ ಮತ್ತೆ ನೆಟ್ಟಗಾದರೆ ವೈಸ್ ಒಳ್ಳೆಯದು; ಜಾರಿದರೆ ಬೇಡ. ಕೊಕ್ಕೆಗಳ ಸಂಖ್ಯೆ ಹೆಚ್ಚಿದಷ್ಟೂ ಗಾತ್ರ ಕಿರಿದು: 16ಕ್ಕಿಂತ 10 ದೊಡ್ಡದು. ಕಲಿಯುವವರು 10 ಅಥವಾ 12ರಿಂದ ಆರಂಭಿಸಲಿ. ನೊಣವನ್ನು ಸುತ್ತಲೂ ತಿರುಗಿಸಿ ನೋಡಬಲ್ಲ ದುಬಾರಿ ವೈಸ್ ಆಮೇಲೆ ಕೊಂಡರಾಯಿತು.

ಎರಡನೆಯದು ದಾರದ ಉರುಳೆ ಹಿಡಿಯುವ ಬಾಬಿನ್. ಇದರ ನಳಿಕೆಯ ಬಾಯಿ ನುಣುಪಾಗಿಲ್ಲದಿದ್ದರೆ ದಾರ ಪದೇಪದೇ ತುಂಡಾಗುತ್ತದೆ. ಮಗು ತನ್ನ ಕೈಯೇ ಸರಿಯಿಲ್ಲವೆಂದು ಬೇಸರಿಸಿಕೊಳ್ಳುತ್ತದೆ. ನಳಿಕೆಯ ಬಾಯಿಗೆ ಹತ್ತಿ ಉಜ್ಜಿ ನೋಡಿ. ಎಳೆ ಸಿಕ್ಕಿಕೊಂಡರೆ ಆ ಬಾಬಿನ್ ಬೇಡ. ಬಾಬಿನ್ ತೂಗಾಡಬೇಕು, ಆದರೆ ತನ್ನ ಭಾರಕ್ಕೇ ದಾರ ಬಿಡಬಾರದು; ತುಸು ಎಳೆದರೆ ಮಾತ್ರ ಬಿಡಬೇಕು. ಅದರ ಎರಡು ತೋಳುಗಳನ್ನು ಒಳಕ್ಕೋ ಹೊರಕ್ಕೋ ಕೊಂಚ ಬಾಗಿಸಿ ಇದನ್ನು ಹದಕ್ಕೆ ತರಬಹುದು.

ಮೂರನೆಯದು ಚೂಪು ಮೊನೆಯ ಕತ್ತರಿ. ಬೆರಳು ಸಲೀಸಾಗಿ ತೂರುವಷ್ಟು ದೊಡ್ಡ ಹಿಡಿಯಿರಲಿ. ತಂತಿ ಕತ್ತರಿಸಲು ಹಳೆಯ ಕತ್ತರಿಯೊಂದನ್ನು ಬೇರೆಯೇ ಇಡಿ.

ಮಿಕ್ಕದ್ದು ಮನೆಯಲ್ಲೇ ಇದೆ. ಕೊಕ್ಕೆಯ ಕಣ್ಣಿನಲ್ಲಿ ತುಂಬಿದ ಅಂಟು ತೆಗೆಯಲು ದಬ್ಬಣ ಸಾಕು. ಕೊನೆಯ ಗಂಟು ಹಾಕಲು ರೀಫಿಲ್ ತೆಗೆದ ಬಾಲ್‌ಪೆನ್ನಿನ ಕೊಳವೆಯಾದೀತು. ಗಂಟಿನ ಮೇಲೆ ಬಣ್ಣವಿಲ್ಲದ ನೈಲ್‌ಪಾಲಿಶ್ ಹಚ್ಚಬಹುದು. ಇಂಗ್ಲೆಂಡಿನ ಏವನ್ ನದಿ ಕಾಯುತ್ತಿದ್ದ ಫ್ರಾಂಕ್ ಸಾಯರ್ ರೂಪಿಸಿದ ಪ್ರಸಿದ್ಧ ‘ಫೆಸೆಂಟ್ ಟೇಲ್’ಗೆ ದಾರವೂ ಬೇಡ: ಫೆಸೆಂಟ್ ಹಕ್ಕಿಯ ಬಾಲದ ಗರಿ, ತೆಳು ತಾಮ್ರದ ತಂತಿ, ಅಷ್ಟೇ. ಅಮೆರಿಕದ ಲೀ ವುಲ್ಫ್ ವೈಸ್ ಇಲ್ಲದೆ ಬೆರಳುಗಳಲ್ಲೇ ಕೊಕ್ಕೆ ಹಿಡಿದು ಕಟ್ಟುತ್ತಿದ್ದರು.

ಗರಿಯ ಆಸೆ

ಸಲಕರಣೆಯ ಆಸೆಗೆ ಹಣದ ಮಿತಿಯಿದೆ. ಗರಿಯ ಆಸೆ ಇನ್ನೂ ಅಪಾಯಕಾರಿ. ವಿಕ್ಟೋರಿಯಾ ಕಾಲದ ಸಾಲ್ಮನ್ ನೊಣಗಳಿಗೆ ಲೋಕದ ಅಪರೂಪದ ಹಕ್ಕಿಗಳ ಗರಿಗಳೆಲ್ಲ ಬೇಕಾಗಿದ್ದವು. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯೂ ತಪ್ಪಿಸಿಕೊಳ್ಳಲಿಲ್ಲ. ಹುಂಜದ ಕುತ್ತಿಗೆಯ ಗರಿಗಳ ಮೇಲೆ ಮೇಣ ಹಚ್ಚಿದಂತೆ ಹೊಳೆಯುವ ಚುಕ್ಕೆಗಳಿವೆ; ಅವು ನೊಣಕ್ಕೆ ‘ಕಣ್ಣು’ ಆಗುತ್ತವೆ. ಈಗ ಈ ಹಕ್ಕಿಗೆ ನಮ್ಮಲ್ಲಿ ಕಾನೂನಿನ ರಕ್ಷಣೆಯಿದೆ. ಹೊರದೇಶದವರು ಅಲ್ಲೇ ಸಾಕಿದ ಕೋಳಿಗಳ ಗರಿ ಬಳಸುತ್ತಾರೆ.

2009ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ 20ರ ಹರೆಯದ ಅಮೆರಿಕದ ವಿದ್ಯಾರ್ಥಿಯೊಬ್ಬ, ಟ್ರಿಂಗ್ ಎಂಬಲ್ಲಿನ ನಿಸರ್ಗ ವಸ್ತುಸಂಗ್ರಹಾಲಯಕ್ಕೆ ರಾತ್ರಿ ನುಗ್ಗಿ 299 ಹಕ್ಕಿಗಳ ಚರ್ಮಗಳನ್ನು ಕದ್ದ. ಕೆಲವನ್ನು 19ನೇ ಶತಮಾನದಲ್ಲಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಸಂಗ್ರಹಿಸಿದ್ದರು. ಹುಡುಗ ಚಿಕ್ಕಂದಿನಿಂದಲೇ ನೊಣ ಕಟ್ಟುವುದರಲ್ಲಿ ನಿಪುಣ. ಗರಿ ಮಾರಿ ಹಣ ಮಾಡಿದ, ಸಿಕ್ಕಿಬಿದ್ದ. 2011ರಲ್ಲಿ ನ್ಯಾಯಾಲಯ ಅಮಾನತಿನಲ್ಲಿಟ್ಟ 12 ತಿಂಗಳ ಶಿಕ್ಷೆ ವಿಧಿಸಿತು. ಮರಳಿ ಸಿಕ್ಕ ಎಷ್ಟೋ ಚರ್ಮಗಳಲ್ಲಿ ಹಕ್ಕಿ ಎಲ್ಲಿ, ಎಂದು ಸಿಕ್ಕಿತೆಂದು ಹೇಳುವ ಚೀಟಿಗಳೇ ಇರಲಿಲ್ಲ. ಚೀಟಿ ಹೋದ ಮೇಲೆ ವಿಜ್ಞಾನಕ್ಕೆ ಅವುಗಳಿಂದ ಹೆಚ್ಚೇನೂ ಉಪಯೋಗವಿಲ್ಲ.

ಬಣ್ಣ ಹಾಕಿದ ಊರಕೋಳಿಯ ಗರಿಯಿಂದ ಒಳ್ಳೆಯ ನೊಣ ಕಟ್ಟಬಹುದು. ಕಾಡಿನಲ್ಲಿ ಬಿದ್ದ ಗರಿಯನ್ನೂ ಮಕ್ಕಳು ಹೆಕ್ಕಿ ತರದಿರಲಿ. ‘ಇದು ಯಾವ ಹಕ್ಕಿಯದು, ಎಲ್ಲಿಂದ ಬಂತು?’ ಎಂದು ಕೇಳುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಕಲಿಯುವ ಬಗೆ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಮೂರು ಸಲಕರಣೆ ಸರಿಯಿದ್ದರೆ ಆ ನೆಪವಿಲ್ಲ. ದಾರ ಎಷ್ಟು ಎಳೆದರೆ ಹರಿಯುತ್ತದೆಂದು ಬೇಕೆಂದೇ ಒಂದೆರಡು ಸಲ ಹರಿದು ನೋಡಿ. ಅದಕ್ಕಿಂತ ಕೊಂಚ ಕಡಿಮೆ ಬಿಗಿಯೇ ಸರಿಯಾದ ಹದ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಉಳಿದ ಕೊಕ್ಕೆಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದು ಕಡ್ಡಾಯ.

ಮೊದಲ ಹತ್ತು ನೊಣ ಒಂದೇ ಬಗೆಯವಾಗಿರಲಿ. ಮೇಗನ್ ಬಾಯ್ಡ್ ಕಲಿತದ್ದು, ಗುರು ಕಟ್ಟಿದ ನೊಣವನ್ನು ಬಿಚ್ಚಿ, ಅದೇ ಗರಿ ದಾರಗಳನ್ನು ಇನ್ನೂ ಚಿಕ್ಕ ಕೊಕ್ಕೆಗೆ ಕಟ್ಟಿ. ನಿಮ್ಮ ಮಗುವಿನ ಮೊದಲ ನೊಣ ಸೊಟ್ಟಗಾದರೆ ಹೊಸ ಗರಿ ತರಿಸಬೇಡಿ. ಬಿಚ್ಚಿ, ಅದೇ ಕೊಕ್ಕೆಗೆ ಇನ್ನೊಮ್ಮೆ ಕಟ್ಟಲು ಹೇಳಿ.