ಮನೋರೋಗ ಕುರಿತ ಮನೋಭಾವಗಳ ಮಾಪನ

ಮನೋರೋಗಿಗಳ ಬಗೆಗಿನ ಸಾರ್ವಜನಿಕ ಮನೋಭಾವವನ್ನು ಅಳೆಯುವುದು ಸುಲಭವಲ್ಲ. ನೇರವಾಗಿ ಕೇಳಿದಾಗ ಅನೇಕರು ಸಹಾನುಭೂತಿಯ ಮಾತನ್ನೇ ಆಡುತ್ತಾರೆ. ಈ ತೊಡಕನ್ನು ನಿವಾರಿಸಲು ಸಮಾಜಶಾಸ್ತ್ರಜ್ಞರು ಮುಖ್ಯವಾಗಿ ಎರಡು ಸಾಧನಗಳನ್ನು ಅವಲಂಬಿಸಿದ್ದಾರೆ. ಮೊದಲನೆಯದು, ಎಮೊರಿ ಬೊಗಾರ್ಡಸ್ 1925ರಲ್ಲಿ ಮಂಡಿಸಿದ ಸಾಮಾಜಿಕ ಅಂತರದ ಮಾಪಕ. ಜನಾಂಗ ಸಂಬಂಧಗಳ ಅಧ್ಯಯನಕ್ಕಾಗಿ ರೂಪುಗೊಂಡ ಇದು, ಅನ್ಯರನ್ನು ವಿವಾಹಸಂಬಂಧಕ್ಕೆ, ಸ್ನೇಹಕ್ಕೆ, ನೆರೆಹೊರೆಗೆ ಒಪ್ಪುವಿರಾ ಎಂದು ಹಂತಹಂತವಾಗಿ ಪ್ರಶ್ನಿಸುತ್ತದೆ. ಎರಡನೆಯದು, ಶರ್ಲಿ ಸ್ಟಾರ್ 1950ರ ಅಮೆರಿಕದ ಸಮೀಕ್ಷೆಗಾಗಿ ರಚಿಸಿದ ಕಿರುಕಥನಗಳು. ರೋಗದ ಹೆಸರನ್ನು ಹೇಳದೆ, ಕಲ್ಪಿತ ವ್ಯಕ್ತಿಯ ನಡವಳಿಕೆಯನ್ನಷ್ಟೇ ವರ್ಣಿಸಿ ಅಭಿಪ್ರಾಯ ಪಡೆಯುವ ಕ್ರಮವಿದು.

ಈ ಎರಡೂ ವಿಧಾನಗಳನ್ನು ಜೊತೆಗೂಡಿಸಿ ಅಮೆರಿಕದಲ್ಲಿ 1996 ಮತ್ತು 2006ರಲ್ಲಿ ನಡೆಸಿದ ಸಮೀಕ್ಷೆಗಳ ಹೋಲಿಕೆ ಗಮನಾರ್ಹವಾಗಿದೆ. ಮನೋರೋಗಕ್ಕೆ ಮಿದುಳಿನಲ್ಲಿ ಹಾಗೂ ಅನುವಂಶೀಯತೆಯಲ್ಲಿ ಕಾರಣ ಕಾಣುವವರ ಪ್ರಮಾಣ ಆ ಅವಧಿಯಲ್ಲಿ ಹೆಚ್ಚಿತು. ವೈದ್ಯಕೀಯ ಚಿಕಿತ್ಸೆಗೆ ಬೆಂಬಲವೂ ಹೆಚ್ಚಿತು. ಆದರೆ ರೋಗಿಯನ್ನು ದೂರವಿಡುವ ಪ್ರವೃತ್ತಿ ಮಾತ್ರ ತಗ್ಗಲಿಲ್ಲ. ಇದೂ ಇತರ ಕಾಯಿಲೆಗಳಂತೆಯೇ ಎಂದು ತಿಳಿಸಿದ ಮಾತ್ರಕ್ಕೆ ಕಳಂಕ ನೀಗುವುದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ತಿಳಿವಳಿಕೆ ಮತ್ತು ಸ್ವೀಕಾರ ಬೇರೆ ಬೇರೆ ಸಂಗತಿಗಳಾದುದರಿಂದ ಅವುಗಳನ್ನು ಪ್ರತ್ಯೇಕವಾಗಿಯೇ ಅಳೆಯಬೇಕಾಗುತ್ತದೆ. ಜಾಗೃತಿ ಕಾರ್ಯಕ್ರಮಗಳ ಸಾಫಲ್ಯವನ್ನು ಮೊದಲನೆಯದರಿಂದಲೇ ನಿರ್ಣಯಿಸುವುದು ಸರಿಯಾಗದು.